ಕಡಲ್ಗಳ್ಳನ ಸೂಪಿಗೆ ಮಡಿವಾಳದ ಸಾಮಾನು

ಚೆಕ್ಕೆ, ಪೆಪ್ಪರ್‌ಮಿಂಟು, ಶಾಯಿ, ಗಂಧಕ, ಒಂದು ಕೋಳಿ, ಚಪ್ಪಟೆಯಾದ ಮನುಷ್ಯನ ತಲೆಬುರುಡೆ, ಮಂಗನ ರಕ್ತ. ಹೀಗೊಂದು ಚೀಟಿ ಹಿಡಿದು ಮಡಿವಾಳ ಮಾರ್ಕೆಟ್ಟಿಗೆ ಹೊರಟವನಿಗೆ ಮೊದಲರ್ಧ ಸಲೀಸು. ಚೆಕ್ಕೆ ಯಾವ ದಿನಸಿ ಅಂಗಡಿಯಲ್ಲೂ ಇದೆ. ಕೋಳಿಗಾಗಿ ಹೊಸೂರು ರಸ್ತೆ ದಾಟುವ ಸಾಹಸವೂ ಬೇಕಿಲ್ಲ. ತಲೆಬುರುಡೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಕುಚೋದ್ಯದ ವ್ಯಾಪಾರಿಯೊಬ್ಬ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದ ಕಡೆ ಬೆರಳು ತೋರಿಸಿಯಾನು. ಅದೂ ಮಡಿವಾಳದಲ್ಲೇ ಇದೆ. ಮಂಗನ ರಕ್ತ ಎಂದರೆ ಮಾತ್ರ ಪೊಲೀಸರನ್ನು ಕರೆದಾರು.

ಈ ಚೀಟಿ ಯಾವ ಮಾಂತ್ರಿಕನದೂ ಅಲ್ಲ. 1990ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆ ಹೊರತಂದ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್' ಎಂಬ ಕಂಪ್ಯೂಟರ್ ಆಟದಲ್ಲಿ, ಹಡಗಿನ ಅಡುಗೆಮನೆಯ ಹಂಡೆಗೆ ಹಾಕಬೇಕಾದ ಸಾಮಾನುಗಳು ಇವು. ಮೂರೂವರೆ ದಶಕ ಕಳೆದರೂ ಹೊಸಬರು ಇದನ್ನು ಆಡುತ್ತಿದ್ದಾರೆ, ಇದೇ ಹಂಡೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದಾರೆ. ಪಿಜಿಗಳಿಂದ ಕಿಕ್ಕಿರಿದ ಮಡಿವಾಳ, ಬಿಟಿಎಂ ಲೇಔಟಿನಂಥ ಕಡೆ ರಾತ್ರಿ ಹೊತ್ತು ಮೊಬೈಲ್ ಹಿಡಿದು ಕೂತವರೆಲ್ಲ ಗುಂಡು ಹಾರಿಸುವ ಆಟದಲ್ಲೇ ಮುಳುಗಿರುತ್ತಾರೆ ಎಂದುಕೊಳ್ಳಬೇಕಿಲ್ಲ. ಒಗಟು ಬಿಡಿಸುವ ಆಟಗಳಿಗೂ ಅವುಗಳದೇ ಭಕ್ತರಿದ್ದಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಒಂದು ಒಗಟಿಗೆ ಧಾರಾಳವಾಗಿ ಸಾಕು.

ಆಟದ ನಾಯಕನ ಹೆಸರು ಗೈಬ್ರಶ್ ಥ್ರೀಪ್‌ವುಡ್. ವಯಸ್ಸು ಚಿಕ್ಕದು, ಅನುಭವ ಸೊನ್ನೆ, ಆಸೆ ಮಾತ್ರ ಕಡಲ್ಗಳ್ಳನಾಗಬೇಕೆಂದು. ಮೆಲೀ ಎಂಬ ದ್ವೀಪಕ್ಕೆ ಬಂದಿಳಿದವನಿಗೆ ಮೂವರು ಹಿರಿಯ ಕಡಲ್ಗಳ್ಳರು ಮೂರು ಪರೀಕ್ಷೆ ಇಡುತ್ತಾರೆ: ಕತ್ತಿವರಸೆ, ಕಳ್ಳತನ, ನಿಧಿಶೋಧ. ಇವನು ಅವನ್ನು ಹೇಗೋ ದಾಟುವಷ್ಟರಲ್ಲಿ ಲೆಚಕ್ ಎಂಬ ಪ್ರೇತ ಕಡಲ್ಗಳ್ಳ ದ್ವೀಪದ ಗವರ್ನರ್ ಎಲೇನ್ ಮಾರ್ಲಿಯನ್ನು ಹೊತ್ತೊಯ್ಯುತ್ತಾನೆ. ಗೈಬ್ರಶ್ ಒಂದು ಹಳೇ ಹಡಗು ಕೊಂಡು, ಮೂವರು ಸಿಬ್ಬಂದಿಯನ್ನು ಕಟ್ಟಿಕೊಂಡು ಬೆನ್ನಟ್ಟುತ್ತಾನೆ. ಸಮುದ್ರದ ನಡುವೆ ಆ ಮೂವರೂ ಕೈಚೆಲ್ಲಿ ಡೆಕ್ಕಿನ ಮೇಲೆ ಬಿಸಿಲು ಕಾಯಿಸುತ್ತ ಮಲಗುತ್ತಾರೆ. ದಾರಿ ಯಾರಿಗೂ ಗೊತ್ತಿಲ್ಲ, ಕೆಲಸ ಯಾರೂ ಮಾಡುವುದಿಲ್ಲ. ಉಳಿದದ್ದು ಕ್ಯಾಪ್ಟನ್ ಕೋಣೆಯ ಬೀಗ ಹಾಕಿದ ಕಪಾಟು. ಅದರ ಕೀಲಿ ಇರುವುದು ಅಡುಗೆಮನೆಯ ತಿಂಡಿ ಡಬ್ಬಿಯೊಳಗೆ, ಮಕ್ಕಳಿಗೆಂದು ಇಟ್ಟ ಉಚಿತ ಉಡುಗೊರೆಯಾಗಿ! ಕಪಾಟಿನೊಳಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದಿಷ್ಟು ಚೆಕ್ಕೆ ಮತ್ತು ಮೇಲೆ ಹೇಳಿದ ಚೀಟಿ.

ಚೀಟಿಯನ್ನು ಅಕ್ಷರಶಃ ನಂಬಿದವರು ಇಲ್ಲೇ ಸೋಲುತ್ತಾರೆ. ಬುರುಡೆ ಎಲ್ಲಿದೆ ಎಂದು ಹಡಗಿನ ಮೂಲೆಮೂಲೆ ಜಾಲಾಡುತ್ತಾರೆ. ಬುರುಡೆ ತಲೆಯ ಮೇಲೆಯೇ ಹಾರಾಡುತ್ತಿರುತ್ತದೆ. ಕಡಲ್ಗಳ್ಳರ ಕಪ್ಪು ಬಾವುಟದ ಮೇಲೆ ಅಚ್ಚಾದ ಬುರುಡೆಗಿಂತ ಚಪ್ಪಟೆಯಾದ ಬುರುಡೆ ಇನ್ನೆಲ್ಲಿ ಸಿಕ್ಕೀತು? ಹಗ್ಗದ ಏಣಿ ಹತ್ತಿ ಅದನ್ನು ಬಿಚ್ಚಿಕೊಂಡರೆ ಆಯಿತು. ಮಂಗನ ರಕ್ತದ ಬದಲು ಉಗ್ರಾಣದ ವೈನ್. ಗಂಧಕದ ಬದಲು ಮದ್ದಿನಪುಡಿ. ಹೇಗೂ ಅದರಲ್ಲಿ ಗಂಧಕ ಬೆರೆತೇ ಇರುತ್ತದೆ. ಕೋಳಿಯ ಬದಲು ನಡುವೆ ರಾಟೆ ಸಿಕ್ಕಿಸಿದ ರಬ್ಬರ್ ಕೋಳಿ. ಶಾಯಿ ಕ್ಯಾಪ್ಟನ್ ಕೋಣೆಯಲ್ಲಿದೆ, ಪೆಪ್ಪರ್‌ಮಿಂಟನ್ನು ಮೆಲೀ ದ್ವೀಪದ ಅಂಗಡಿಯಲ್ಲೇ ಕೊಂಡಾಗಿದೆ. ಎಲ್ಲವನ್ನೂ ಹಂಡೆಗೆ ಸುರಿದರೆ ಘಾಟು ಹೊಗೆ ಎದ್ದು ಗೈಬ್ರಶ್ ಮೂರ್ಛೆ ಹೋಗುತ್ತಾನೆ. ಎಚ್ಚರವಾಗುವ ಹೊತ್ತಿಗೆ ಹಡಗು ಮಂಕಿ ಐಲ್ಯಾಂಡಿನ ಎದುರಿಗೆ ನಿಂತಿರುತ್ತದೆ. ದಡ ಸೇರುವ ಉಪಾಯವೂ ಇದೇ ಜಾತಿಯದು: ಮದ್ದು ತುಂಬಿದ ಫಿರಂಗಿಯೊಳಗೆ ತಾನೇ ಗುಂಡಾಗಿ ಹೊಕ್ಕು ಹಾರುವುದು.

ಮಂಗಳೂರಿನ ಕಡೆಯವರಿಗೆ ಈ ಲೆಕ್ಕ ಬೇಗ ಹತ್ತಬೇಕು. ಅಲ್ಲಿನ ಮನೆಗಳಲ್ಲಿ ಹುಣಸೆಹಣ್ಣು ಮುಗಿದರೆ ಸಾರು ನಿಲ್ಲುವುದಿಲ್ಲ, ಪುನರ್ಪುಳಿ ಬೀಳುತ್ತದೆ. ಬೇಕಿದ್ದದ್ದು ಹುಣಸೆಯಲ್ಲ, ಹುಳಿ. ಆಟದ ಒಗಟು ಕೇಳುವುದೂ ವಸ್ತುವನ್ನಲ್ಲ, ಅದರ ಗುಣವನ್ನು. ಅದನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ, ಮೊದಲಿನಿಂದಲೇ ಅಭ್ಯಾಸ ಮಾಡಿಸುತ್ತದೆ. ಮೆಲೀ ದ್ವೀಪದ ಸರ್ಕಸ್ಸಿನವರು ಗೈಬ್ರಶ್‌ನನ್ನು ಫಿರಂಗಿಯಿಂದ ಹಾರಿಸುವ ಮುನ್ನ ಶಿರಸ್ತ್ರಾಣ ಇದೆಯೇ ಎಂದು ಕೇಳಿದಾಗ, ಅವನು ಹೆಂಡದಂಗಡಿಯ ಅಡುಗೆಮನೆಯಿಂದ ಎತ್ತಿಕೊಂಡು ಬಂದ ಪಾತ್ರೆಯನ್ನೇ ತಲೆಗೆ ಬೋರಲು ಹಾಕಿಕೊಳ್ಳುತ್ತಾನೆ. ಪಕ್ಕದ ಪುಟ್ಟ ದ್ವೀಪಕ್ಕೆ ಎಳೆದ ತಂತಿಯ ಮೇಲೆ ಜಾರಿಹೋಗಲು ಒದಗಿದ್ದು ಆ ರಬ್ಬರ್ ಕೋಳಿಯ ಹೊಟ್ಟೆಯಲ್ಲಿದ್ದ ರಾಟೆ. ಆ ಪಾಠ ಆದ ಮೇಲೆ ಅದೇ ಕೋಳಿ ಸೂಪಿಗೂ ಬೀಳುವುದು ಅನ್ಯಾಯವೇನಲ್ಲ.

ಇಂಥ ಜೋಡಣೆಗೆ ಇಂದಿನ ಆಟಗಾರರು ಸರಳವಾಗಿ ಕ್ರಾಫ್ಟಿಂಗ್ ಎನ್ನುತ್ತಾರೆ: ಇದ್ದುದನ್ನು ಕೂಡಿಸಿ ಇಲ್ಲದ್ದನ್ನು ಮಾಡುವುದು. ಮೈನ್‌ಕ್ರಾಫ್ಟ್ ಆಡುವ ಮಕ್ಕಳಿಗೆ ಇದು ಅಂಗೈ ನೆಲ್ಲಿ. ಕೋಲಿನ ಜೊತೆ ಮರದ ಹಲಗೆ ಅಥವಾ ಕಲ್ಲನ್ನು ಚೌಕಗಳಲ್ಲಿ ಜೋಡಿಸಿದರೆ ಗುದ್ದಲಿ ಸಿದ್ಧ. ನೂರು ಸಲ ಜೋಡಿಸಿದರೂ ಅದೇ ಗುದ್ದಲಿ. ಮಂಕಿ ಐಲ್ಯಾಂಡಿನಂಥ ಸಾಹಸದ ಆಟದಲ್ಲಿ ಪ್ರತಿ ಜೋಡಣೆ ಒಮ್ಮೆ ಮಾತ್ರ ನಡೆಯುತ್ತದೆ, ಕಥೆಯನ್ನು ಒಂದು ಹೆಜ್ಜೆ ಮುಂದೆ ತಳ್ಳಿ ಮುಗಿದುಹೋಗುತ್ತದೆ. ಮೈನ್‌ಕ್ರಾಫ್ಟಿನದು ಪಾಕಶಾಸ್ತ್ರವಾದರೆ ಇಲ್ಲಿನದು ಪತ್ತೇದಾರಿಕೆ.

ಮಂಕಿ ಐಲ್ಯಾಂಡಿನ ಹಿಂದಿದ್ದವರು ಮೂವರು: ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್. ಡಿಸ್ನಿಲ್ಯಾಂಡಿನ 'ಪೈರೇಟ್ಸ್ ಆಫ್ ದಿ ಕೆರೀಬಿಯನ್' ಸವಾರಿ ಮತ್ತು ಟಿಮ್ ಪವರ್ಸ್ ಬರೆದ 'ಆನ್ ಸ್ಟ್ರೇಂಜರ್ ಟೈಡ್ಸ್' ಕಾದಂಬರಿ ತನಗೆ ಪ್ರೇರಣೆ ಎಂದು ಗಿಲ್ಬರ್ಟ್ ಹೇಳಿಕೊಂಡಿದ್ದಾರೆ. ಆದರೆ ಆಟ ಇಷ್ಟು ಬಾಳಿಕೆ ಬಂದದ್ದಕ್ಕೆ ಕಾರಣ ಬೇರೆ. 1989ರಲ್ಲಿ ಗಿಲ್ಬರ್ಟ್ ಒಂದು ಪ್ರಬಂಧ ಬರೆದರು. ಸಾಹಸದ ಆಟಗಳು ಯಾಕೆ ಕೆಟ್ಟದಾಗಿವೆ ಎಂಬುದೇ ಅದರ ವಿಷಯ. ಬೀಗ ಕಾಣುವ ಮೊದಲೇ ಕೀಲಿ ಕೈಗೆ ಸಿಗಬಾರದು, ಸತ್ತು ಸತ್ತು ಕಲಿಯುವ ಶಿಕ್ಷೆ ಇರಬಾರದು, ಆರಂಭದಲ್ಲಿ ಎತ್ತಿಕೊಳ್ಳಲು ಮರೆತ ವಸ್ತುವಿನಿಂದ ಕೊನೆಯಲ್ಲಿ ಆಟ ಸಿಕ್ಕಿಬೀಳಬಾರದು, ಒಗಟಿಗೂ ಕಥೆಗೂ ಸಂಬಂಧ ಇರಬೇಕು ಎಂಬುದು ಅವರ ವಾದದ ತಿರುಳು. ಅದುವರೆಗಿನ ಆಟಗಳಲ್ಲಿ ತಪ್ಪು ಬಾಗಿಲು ತೆರೆದರೆ ಸಾವು, ತಪ್ಪು ಮಾತಾಡಿದರೂ ಸಾವು. ಮರುವರ್ಷ ಬಂದ ಮಂಕಿ ಐಲ್ಯಾಂಡಿನಲ್ಲಿ ಗೈಬ್ರಶ್‌ನನ್ನು ಸಾಯಿಸುವುದೇ ಕಷ್ಟ. ನೀರಿನಡಿ ಹತ್ತು ನಿಮಿಷ ಉಸಿರು ಬಿಗಿಹಿಡಿಯಬಲ್ಲೆ ಎಂಬುದು ಅವನ ಬಡಾಯಿ. ಅಷ್ಟು ಹೊತ್ತು ಮುಳುಗಿಸಿ ಸುಮ್ಮನೆ ಕೂತರೆ ಮಾತ್ರ ನಿಜಕ್ಕೂ ಸಾಯುತ್ತಾನೆ.

ಸಾವಿನ ಭಯ ಹೋದಾಗ ಆಟಗಾರ ಧೈರ್ಯವಾಗಿ ಏನನ್ನೂ ಏನಕ್ಕೂ ತಾಗಿಸಿ ನೋಡುತ್ತಾನೆ. ಹೆಂಡದಂಗಡಿಯ ಗ್ರಾಗ್ ಪ್ರಸಂಗ ನಗು ತರಿಸುವುದು ಅದರಿಂದಲೇ. ಗ್ರಾಗ್ ಎಂಬುದು ನಿಜವಾದ ಪಾನೀಯ. 1740ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಎಡ್ವರ್ಡ್ ವರ್ನನ್ ನಾವಿಕರ ರಮ್ಮಿಗೆ ನೀರು ಬೆರೆಸಿ ಕೊಡಲು ಆಜ್ಞೆ ಮಾಡಿದಾಗ ಹುಟ್ಟಿದ್ದು. ಆಟದೊಳಗಿನ ಗ್ರಾಗ್‌ಗೆ ಬೀಳುವುದು ಸೀಮೆಎಣ್ಣೆ, ಅಸಿಟೋನ್, ಗಂಧಕಾಮ್ಲ, ಬ್ಯಾಟರಿ ಆಸಿಡ್ ಮುಂತಾದ ಸಾತ್ವಿಕ ಪದಾರ್ಥಗಳು. ಸುರಿದ ಕೆಲವೇ ಕ್ಷಣಗಳಲ್ಲಿ ಅದು ಲೋಟವನ್ನೇ ತಿಂದುಹಾಕುತ್ತದೆ. ಇತ್ತ ಊರ ಜೈಲಿನಲ್ಲಿ ಓಟಿಸ್ ಎಂಬ ಕೈದಿ, ಅವನ ಕೋಣೆಗೊಂದು ಬೀಗ. ಲೋಟ ಕರಗಿಸುವ ದ್ರವ ಬೀಗವನ್ನು ಬಿಟ್ಟೀತೆ? ಆದರೆ ಜೈಲು ತಲುಪುವ ಮೊದಲೇ ಲೋಟ ಸೋರಿಹೋಗುತ್ತದೆ. ಅಂಗಡಿಯ ಲೋಟಗಳನ್ನೆಲ್ಲ ಬಾಚಿಕೊಂಡು, ಒಂದು ಕರಗುವಷ್ಟರಲ್ಲಿ ಇನ್ನೊಂದಕ್ಕೆ ಸುರಿಯುತ್ತ ಓಡುವುದೇ ಪರಿಹಾರ. ಇಡೀ ಆಟದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಒಗಟು ಇನ್ನೊಂದಿಲ್ಲ. ಎಲ್ಲ ಸುಳಿವೂ ಕಣ್ಣೆದುರೇ ಇದೆ, ಕೂಡಿಸುವ ಕೆಲಸವಷ್ಟೇ ಆಟಗಾರನದು.

ಈ ಗ್ರಾಗ್ ಆಟದಿಂದ ಹೊರಗೂ ಸೋರಿದ್ದುಂಟು. 2009ರಲ್ಲಿ ಅರ್ಜೆಂಟೀನಾದ ಸಿ5ಎನ್ ಸುದ್ದಿವಾಹಿನಿ, ಹದಿಹರೆಯದವರು 'ಗ್ರಾಗ್ ಎಕ್ಸ್‌ಡಿ' ಎಂಬ ಅಪಾಯಕಾರಿ ಪಾನೀಯಕ್ಕೆ ಮರುಳಾಗಿದ್ದಾರೆ ಎಂದು ಗಂಭೀರವಾಗಿ ವರದಿ ಮಾಡಿ, ಆಟದ ಪಟ್ಟಿಯನ್ನೇ ಪರದೆಯ ಮೇಲೆ ತೋರಿಸಿತು. ಬ್ಯಾಟರಿ ಆಸಿಡ್ ಕುಡಿದ ಮಕ್ಕಳು ಮರುದಿನ ಶಾಲೆಗೆ ಹೇಗೆ ಹೋದರು ಎಂದು ಸುದ್ದಿಮನೆಯಲ್ಲಿ ಯಾರೂ ಕೇಳಿದಂತಿಲ್ಲ.

1991ರಲ್ಲಿ ಬಂದ ಎರಡನೆಯ ಭಾಗ 'ಲೆಚಕ್ಸ್ ರಿವೆಂಜ್' ಈ ಕಲೆಯನ್ನು ಇನ್ನೊಂದು ಮೆಟ್ಟಿಲು ಏರಿಸಿತು. ಸ್ಕ್ಯಾಬ್ ದ್ವೀಪದಲ್ಲಿ ಲಾರ್ಗೊ ಲಗ್ರಾಂಡ್ ಎಂಬ ಕುಳ್ಳ ರೌಡಿಯ ಹಾವಳಿ. ಅವನನ್ನು ಓಡಿಸಲು ಜೌಗು ಪ್ರದೇಶದ ವೂಡೂ ಮಂತ್ರಗಾತಿ ಒಂದು ಗೊಂಬೆ ಮಾಡಿಕೊಡುತ್ತೇನೆ ಎನ್ನುತ್ತಾಳೆ. ಅದಕ್ಕೆ ಬೇಕಾದದ್ದು ನಾಲ್ಕು: ಅವನ ತಲೆಯದೊಂದು, ಮೈಯದೊಂದು, ಉಡುಪಿನದೊಂದು, ಸತ್ತ ಬಂಧುವಿನದೊಂದು. ತಲೆಗೆ ಅವನ ಟೋಪನ್ನನ್ನೇ ಕದಿಯುವುದು. ಮೈಗೆ ಅವನು ಗೋಡೆಗೆ ಉಗಿದ ಉಗುಳನ್ನು ಕಾಗದದಲ್ಲಿ ಹಿಡಿಯುವುದು. ಸತ್ತವರಿಗೆ ಅವನ ಅಜ್ಜನ ಗೋರಿ ಅಗೆದು ಮೂಳೆ ತರುವುದು. ಉಡುಪಿನದು ಸ್ವಲ್ಪ ಸುತ್ತಿನ ದಾರಿ. ಬಾಗಿಲ ಮೇಲೆ ಕೆಸರಿನ ಬಕೆಟ್ ಇಟ್ಟು ಅವನ ಮೇಲೆ ಸುರಿಯುವಂತೆ ಮಾಡಬೇಕು, ಅವನು ಬಟ್ಟೆ ಒಗೆಯಲು ಕೊಡಬೇಕು, ಆ ಚೀಟಿ ಲಪಟಾಯಿಸಿ ಅಂಗಡಿಯಿಂದ ಬಟ್ಟೆ ಬಿಡಿಸಿಕೊಳ್ಳಬೇಕು. ಕೈಗೆ ಬರುವುದು ಮುತ್ತಿನ ಬಣ್ಣದ ಬ್ರಾ! ರೌಡಿಯ ಗುಟ್ಟು ರಟ್ಟು.

ಇಷ್ಟಾದರೆ ಬರೀ ತಮಾಷೆ. ಜಾಣತನ ಇರುವುದು ಕೊನೆಯಲ್ಲಿ. ನೆಲದಡಿಯ ಸುರಂಗಗಳಲ್ಲಿ ಲೆಚಕ್ ಬೆನ್ನಟ್ಟಿ ಬರುವಾಗ ಯಾವ ಮಂತ್ರಗಾತಿಯೂ ಪಕ್ಕದಲ್ಲಿರುವುದಿಲ್ಲ, ಯಾವ ಪಟ್ಟಿಯೂ ಕೈಯಲ್ಲಿರುವುದಿಲ್ಲ. ಆಟ ಆರಂಭದಲ್ಲಿ ಕಲಿಸಿದ ಅದೇ ನಾಲ್ಕನ್ನು ನೆನಪಿಸಿಕೊಂಡು ಗೊಂಬೆಯನ್ನು ತಾನೇ ಕಟ್ಟಬೇಕು. ಲಿಫ್ಟಿನ ಬಾಗಿಲಿಗೆ ಸಿಕ್ಕ ಅವನ ಗಡ್ಡ ತಲೆಗಾಯಿತು, ಮೂಗು ಒರೆಸಿದ ಕರವಸ್ತ್ರ ಮೈಗಾಯಿತು, ಉಳಿದೆರಡಕ್ಕೆ ಅವನ ಒಳಚಡ್ಡಿ ಮತ್ತು ಒಂದು ಬುರುಡೆ. ಹೊಸದಾಗಿ ಏನನ್ನೂ ಹೇಳಿಕೊಡದೆ, ಹಳೆಯದನ್ನೇ ಹೊಸ ಅಪಾಯದಲ್ಲಿ ಕೇಳುವ ಇಂಥ ರಚನೆ ಆಟಗಳಲ್ಲಿ ಅಪರೂಪ. ಗಿಲ್ಬರ್ಟ್ ಒಗಟುಗಳನ್ನು ವಂಶವೃಕ್ಷದಂಥ ನಕ್ಷೆಯಲ್ಲಿ ಬರೆದುಕೊಳ್ಳುತ್ತಾರೆ. ಕೊನೆಯ ಗುರಿಯಿಂದ ಶುರುಮಾಡಿ, ಅದಕ್ಕೆ ಏನು ಬೇಕು, ಆ ಏನಕ್ಕೆ ಇನ್ನೇನು ಬೇಕು ಎಂದು ಹಿಂದಕ್ಕೆ ಸಾಗುವ ಕ್ರಮ ಅದು.

ಆಟಗಾರನೂ ಹಾಗೆಯೇ ಹಿಂದಿನಿಂದ ಬರಬೇಕು. ಜೋಳಿಗೆಯಲ್ಲಿ 20 ಸಾಮಾನು ಇದ್ದರೆ ಎರಡೆರಡಾಗಿ ಜೋಡಿಸುವ ದಾರಿಗಳು 190. ಪರದೆಯ ಮೇಲಿನ ಬಾಗಿಲು, ಕಿಟಕಿ, ಮನುಷ್ಯರನ್ನೂ ಸೇರಿಸಿದರೆ ಸಾವಿರ ದಾಟುತ್ತದೆ. ಎಲ್ಲವನ್ನೂ ಎಲ್ಲಕ್ಕೂ ಉಜ್ಜಿ ನೋಡುವವನು ಗೆದ್ದಾನು, ಆದರೆ ಆಟ ಆಡಿದ ಹಾಗಾಗುವುದಿಲ್ಲ. ಯಾರಿಗೆ ಏನು ಬೇಕಾಗಿದೆ, ಯಾವುದು ಅಡ್ಡ ನಿಂತಿದೆ ಎಂದು ಮೊದಲು ಕೇಳಿಕೊಂಡರೆ ಸಾವಿರ ನಾಲ್ಕೈದಕ್ಕೆ ಇಳಿಯುತ್ತದೆ. ಇನ್ನೊಂದು ಗುಟ್ಟು ತಪ್ಪು ಉತ್ತರಗಳಲ್ಲಿದೆ. 'ಇದು ಆಗುವುದಿಲ್ಲ' ಎಂಬ ಸವಕಲು ವಾಕ್ಯ ಬಂದರೆ ದಾರಿ ತಪ್ಪಿದೆ ಎಂದರ್ಥ. ನಾಯಕ ಆ ಪ್ರಯತ್ನಕ್ಕೆಂದೇ ಬರೆದ ಬೇರೊಂದು ಮಾತು ಆಡಿದರೆ ಹತ್ತಿರ ಬಂದಾಗಿದೆ. ಬರೆದವರು ಅಷ್ಟು ಶ್ರಮ ಸುಮ್ಮನೆ ಪಡುವುದಿಲ್ಲ.

ಎಲ್ಲ ಒಗಟೂ ಇಷ್ಟು ಪ್ರಾಮಾಣಿಕವಲ್ಲ. 1999ರಲ್ಲಿ ಸಿಯೆರಾ ಸಂಸ್ಥೆ ತಂದ 'ಗೇಬ್ರಿಯಲ್ ನೈಟ್ 3' ಎಂಬ ಪತ್ತೇದಾರಿ ಆಟದಲ್ಲಿ ನಾಯಕ ಗೆಳೆಯನ ಪಾಸ್‌ಪೋರ್ಟ್ ತೋರಿಸಿ ಬೈಕು ಬಾಡಿಗೆ ಪಡೆಯಬೇಕು. ಅದಕ್ಕಾಗಿ ಒಂದು ತೂತಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿಗೆ ನೀರು ಚಿಮುಕಿಸಿ ಓಡಿಸಿ, ಪಟ್ಟಿಗೆ ಅಂಟಿದ ಕೂದಲನ್ನು ಸಿಹಿಪಾಕದಿಂದ ಮೇಲ್ದುಟಿಗೆ ಮೆತ್ತಿ ಮೀಸೆ ಮಾಡಿಕೊಳ್ಳಬೇಕು. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಹಾಗಾಗಿ ಪಾಸ್‌ಪೋರ್ಟಿನ ಚಿತ್ರಕ್ಕೂ ಪೆನ್ನಿನಿಂದ ಮೀಸೆ ಬರೆಯಬೇಕು. ಈ ಬೆಕ್ಕಿನ ಮೀಸೆ ಸಾಹಸದ ಆಟಗಳ ಅವನತಿಯ ಲಾಂಛನ ಎಂಬಂತೆ ಇಂದಿಗೂ ಚರ್ಚೆಗೆ ಬರುತ್ತದೆ. ಮದ್ದಿನಪುಡಿಯಲ್ಲಿ ಗಂಧಕ ಹುಡುಕುವುದು ನಗೆಯೊಳಗಿನ ತರ್ಕ. ಬೆಕ್ಕಿನ ಮೀಸೆಯಲ್ಲಿ ತರ್ಕವೂ ಇಲ್ಲ, ನಗೆಯೂ ಇಲ್ಲ.

ಇಷ್ಟೆಲ್ಲ ಕೆರೀಬಿಯನ್ ಕಡಲಿನ ಕಥೆ ಹೇಳುವಾಗ ನಮ್ಮ ಪಡುಗಡಲು ಪೆಚ್ಚು ಮೋರೆ ಹಾಕಿ ಕೂರಬೇಕಿಲ್ಲ. ಹೊನ್ನಾವರದಲ್ಲಿ 15ನೇ ಶತಮಾನದ ಕೊನೆಗೆ ಒಬ್ಬ ನೌಕಾನಾಯಕನಿದ್ದ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ, ಅವನ ಊರು ಓನೊರ್. ಅವರು ಅವನಿಗೆ ಕಡಲ್ಗಳ್ಳನ ಪಟ್ಟ ಕಟ್ಟಿದರು. ವಿಜಯನಗರದ ಕಡೆಯಿಂದ ನೋಡಿದರೆ ಶತ್ರು ಬಂದರುಗಳಿಗೆ ಕುದುರೆ ಸಾಗಿಸುವ ಹಡಗುಗಳನ್ನು ತಡೆಯುವ ಉಪಯುಕ್ತ ಮನುಷ್ಯ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಹಿಂತಿರುಗುತ್ತ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿದ್ದಾಗ ತಿಮೋಜ ಅವನ ಮೇಲೆ ಕಣ್ಣಿಟ್ಟ. ತನ್ನ ಎಂಟು ಚಿಕ್ಕ ಹಡಗುಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆಲ್ಲ ಮರದ ಕೊಂಬೆರೆಂಬೆ ಹೊದಿಸಿ, ತೇಲುವ ನಡುಗಡ್ಡೆಯಂತೆ ಕಾಣಿಸಿ ಹತ್ತಿರ ಸಾಗಿಸಿದ ಎಂದು ಪೋರ್ಚುಗೀಸ್ ಇತಿಹಾಸಕಾರರು ಬರೆದಿದ್ದಾರೆ. ನಡುಗಡ್ಡೆ ನಡೆದು ಬರುವುದನ್ನು ಕಂಡ ಡ ಗಾಮನ ಕಡೆಯವರು ಫಿರಂಗಿ ಹಾರಿಸಿದರು. ಹಸಿರು ದ್ವೀಪ ಚೆಲ್ಲಾಪಿಲ್ಲಿಯಾಗಿ ಓಡಿತು.

ಹಡಗು, ಹಗ್ಗ, ಕೊಂಬೆ. ಗೈಬ್ರಶ್‌ನ ಜೋಳಿಗೆಗಿಂತ ಇದೇನು ಕಡಿಮೆ? 12 ವರ್ಷದ ನಂತರ ಇದೇ ತಿಮೋಜ ಪೋರ್ಚುಗೀಸರ ಜೊತೆಗಾರನಾದ. ಗೋವೆಯ ಮೇಲೆ ಎರಗಲು ಇದೇ ಸಮಯ ಎಂದು ಅಫೊನ್ಸೊ ಡ ಅಲ್ಬುಕರ್ಕ್‌ಗೆ ಸುಳಿವು ಕೊಟ್ಟವನು ಅವನೇ. 1510ರ ಆರಂಭದಲ್ಲಿ ಗೋವೆ ಅವರ ಕೈಗೆ ಬಂತು, ಕೆಲವೇ ತಿಂಗಳಲ್ಲಿ ಹೋಯಿತು, ನವೆಂಬರ್ 25ರಂದು ಮತ್ತೆ ಬಂತು. ಒಬ್ಬನೇ ಮನುಷ್ಯ ಒಮ್ಮೆ ಬೇಟೆಗಾರ, ಇನ್ನೊಮ್ಮೆ ಮಿತ್ರ. ಲೆಚಕ್‌ನಂಥ ಸಪಾಟು ಖಳನಿಗಿಂತ ಕಥೆಗಾರರಿಗೆ ಇವನು ಹೆಚ್ಚು ಒದಗುತ್ತಾನೆ.

ಯೂಬಿಸಾಫ್ಟ್ ಸಂಸ್ಥೆಯ ಸಿಂಗಪುರ ಶಾಖೆ ವರ್ಷಗಟ್ಟಲೆ ಕೂತು 2024ರಲ್ಲಿ ಬಿಡುಗಡೆ ಮಾಡಿದ 'ಸ್ಕಲ್ ಅಂಡ್ ಬೋನ್ಸ್' ಹಿಂದೂ ಮಹಾಸಾಗರದ ಕಡಲ್ಗಳ್ಳರದೇ ಆಟ. ಮರ, ಕಬ್ಬಿಣ, ನಾರು ಒಟ್ಟುಮಾಡಿ ಹಡಗು ಕಟ್ಟುವುದು ಅದರ ಮುಖ್ಯ ಕಸುಬು. ಆಫ್ರಿಕಾ ಕರಾವಳಿ ಇದೆ, ಈಸ್ಟ್ ಇಂಡೀಸ್ ಇದೆ, ಹೊನ್ನಾವರ ಇಲ್ಲ. ಸಾಮಾನು ಲೆಕ್ಕ ಹಾಕುವ ಆ ಕ್ರಾಫ್ಟಿಂಗಿನಲ್ಲಿ ಬೆವರಿದೆ, ಚಮತ್ಕಾರ ಕಡಿಮೆ.

ಆಟ ಕಟ್ಟುವ ಕೆಲಸ ಬಲ್ಲವರು ಬೆಂಗಳೂರಿನಲ್ಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. ದೊಡ್ಡ ವಿದೇಶಿ ಆಟಗಳಿಗೆ ಕಾರು, ಕಟ್ಟಡ, ದೃಶ್ಯಗಳನ್ನು ಚಿತ್ರಿಸಿಕೊಡುವುದು ಅದರ ಬಹುಪಾಲು ಕೆಲಸವಾಗಿತ್ತು. ಬ್ರಿಟನ್ನಿನ ರೇರ್ ಸಂಸ್ಥೆ 2018ರಲ್ಲಿ ತಂದ ಕಡಲ್ಗಳ್ಳರ ಆಟ 'ಸೀ ಆಫ್ ಥೀವ್ಸ್' ಕೂಡ ಧ್ರುವದ ಕೈ ತಾಗಿದ ಆಟಗಳಲ್ಲೊಂದು. 2023ರಲ್ಲಿ ಅದೇ ಆಟಕ್ಕೆ ಮಂಕಿ ಐಲ್ಯಾಂಡ್ ಕಥೆಯ ಮೂರು ಅಧ್ಯಾಯಗಳು ಸೇರಿ, ಗೈಬ್ರಶ್ ಮತ್ತು ಲೆಚಕ್ ಅಲ್ಲಿಗೂ ಬಂದಿಳಿದರು. ಅಷ್ಟರಲ್ಲಿ ಧ್ರುವ ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಗಿ, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ತೆಕ್ಕೆಗೆ ಸೇರಿಹೋಗಿತ್ತು.

ಹಳೆಯ ಆಟ ಆಡಬೇಕೆನ್ನುವವರಿಗೆ ಹಳೆಯ ಯಂತ್ರ ಬೇಡ. 2001ರಲ್ಲಿ ಶುರುವಾದ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶ, ಕೊಂಡ ಆಟದ ಕಡತಗಳನ್ನು ಇಂದಿನ ಫೋನಿನಲ್ಲೂ ಓಡಿಸುತ್ತದೆ. ಗಿಲ್ಬರ್ಟ್ ಮರಳಿ ಬಂದು 2022ರಲ್ಲಿ ಮಾಡಿದ 'ರಿಟರ್ನ್ ಟು ಮಂಕಿ ಐಲ್ಯಾಂಡ್' ಮೊಬೈಲಿಗೂ ಇದೆ. ಅದರೊಳಗೇ ಒಂದು ಸುಳಿವಿನ ಪುಸ್ತಕವಿದ್ದು, ಕೇಳಿದಷ್ಟೇ ಹೇಳುತ್ತದೆ. ಇನ್ನೊಮ್ಮೆ ಕೇಳಿದರೆ ಇನ್ನೊಂದಿಷ್ಟು. ಯಾವುದಕ್ಕೂ ಅಧಿಕೃತ ಕನ್ನಡ ರೂಪವಿಲ್ಲ.

ಆ ಕೊರತೆ ತುಂಬಲು ಗೈಬ್ರಶ್‌ಗೆ ಕನ್ನಡ ಕಲಿಸುವುದಕ್ಕಿಂತ ತಿಮೋಜನನ್ನು ಪರದೆಗೆ ತರುವುದು ಲೇಸು. ಹಡಗು, ಹಗ್ಗ, ಕೊಂಬೆ ಕೊಟ್ಟು ಎದುರಿಗೆ ಅಂಜದೀವ್ ತೋರಿಸಿದರೆ ಮೊದಲ ಒಗಟು ಸಿದ್ಧ. ಬೆಂಗಳೂರಿನ ಆಟ ತಯಾರಕರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳಲಿ. ಸಂಭಾಷಣೆ ಮಾತ್ರ ಹೊನ್ನಾವರದ ಕನ್ನಡದಲ್ಲೇ ಇರಲಿ.